ಟೊರೆಂಟ್ ಹುಡುಕಾಟ: ಸಿಕ್ಕಿದ್ದನ್ನು ನಂಬುವುದು ಹೇಗೆ?

(ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಗ್ರಂಥಪಾಲಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಗೌರವಾನ್ವಿತ ಅಧ್ಯಾಪಕರೇ, ಗ್ರಂಥಪಾಲಕ ಮಿತ್ರರೇ, ಪ್ರಿಯ ವಿದ್ಯಾರ್ಥಿಗಳೇ,

ದೊಡ್ಡ ಫೈಲುಗಳನ್ನು ಬಳಕೆದಾರರೇ ತುಣುಕು ತುಣುಕಾಗಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಟೊರೆಂಟ್ ಎಂಬ ವಿಧಾನದ ಮಾತು ಬಂದ ಕೂಡಲೇ ದಾವಣಗೆರೆಯ ಪಿ.ಜಿ. ಕೋಣೆಗಳಿಂದ ಹಿಡಿದು ಚಿತ್ರದುರ್ಗದ ಹಾಸ್ಟೆಲುಗಳವರೆಗೆ ಕೇಳಿಬರುವ ಪ್ರಶ್ನೆ ಒಂದೇ: "ಈಗ ಯಾವ ಸೈಟು ಓಪನ್ ಆಗ್ತಿದೆ?" ಆ ಪ್ರಶ್ನೆಗೆ ಇಂದು ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೂ ಆರು ತಿಂಗಳಿಗೆ ಅದು ಹಳೆಯದಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಹುಡುಕುವ ಸೈಟಿನ ಒಳಗೆ ನೀವು ಹುಡುಕುತ್ತಿರುವ ಫೈಲ್ ಇರುವುದೇ ಇಲ್ಲ. ಅಲ್ಲಿರುವುದು ಒಂದು ಹೆಸರು, ಮತ್ತು ಆ ಹೆಸರಿನ ಪಕ್ಕದಲ್ಲಿ ನಲವತ್ತು ಅಕ್ಷರಗಳ ಒಂದು ಗುರುತು. ಆ ಗುರುತನ್ನು ಯಾರು ಕೊಟ್ಟರು, ಅವರನ್ನು ಏಕೆ ನಂಬಬೇಕು ಎಂಬುದನ್ನು ತಿಳಿದವನಿಗೆ ಯಾವ ಸೈಟಾದರೂ ನಡೆಯುತ್ತದೆ; ತಿಳಿಯದವನಿಗೆ ಎಂತಹ ಸೈಟಿನಲ್ಲಿಯೂ ಅಪಾಯ ತಪ್ಪಿದ್ದಲ್ಲ. ಇಂದಿನ ಮಾತೆಲ್ಲ ಇದರ ವಿವರಣೆಯೇ.

ಮೊದಲು ಸ್ವಲ್ಪ ಹಿನ್ನೆಲೆ ಬೇಕು. 1999ರಲ್ಲಿ ಆರಂಭವಾದ ನ್ಯಾಪ್‌ಸ್ಟರ್‌ನಲ್ಲಿ ಹಾಡುಗಳು ಬಳಕೆದಾರರ ಕಂಪ್ಯೂಟರುಗಳಲ್ಲಿಯೇ ಇದ್ದರೂ, ಯಾವ ಹಾಡು ಯಾರಲ್ಲಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿತ್ತು; ಹೀಗಾಗಿ ಅಮೆರಿಕದ ನ್ಯಾಯಾಲಯದ ಆದೇಶದ ನಂತರ 2001ರಲ್ಲಿ ಆ ಸರ್ವರ್ ನಿಂತಾಗ ಇಡೀ ವ್ಯವಸ್ಥೆಯೇ ನಿಂತುಹೋಯಿತು. ಅದೇ 2001ರ ಜುಲೈ ತಿಂಗಳಲ್ಲಿ ಬ್ರಾಮ್ ಕೊಹೆನ್ ಎಂಬ ಅಮೆರಿಕದ ಪ್ರೋಗ್ರಾಮರ್ ಟೊರೆಂಟ್ ವ್ಯವಸ್ಥೆಯ ಮೂಲವಾದ ಬಿಟ್‌ಟೊರೆಂಟ್‌ನ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಅವರು ಕೈಗೆತ್ತಿಕೊಂಡಿದ್ದು ಹುಡುಕಾಟದ ಸಮಸ್ಯೆಯನ್ನಲ್ಲ, ಹಂಚಿಕೆಯ ಸಮಸ್ಯೆಯನ್ನು. ಒಂದು ದೊಡ್ಡ ಫೈಲನ್ನು ಸಾವಿರ ಜನ ಒಮ್ಮೆಲೇ ಕೇಳಿದರೆ ಸರ್ವರ್ ಕುಸಿಯುತ್ತದೆ. ಕೇಳುವ ಸಾವಿರ ಜನರೇ ಪರಸ್ಪರ ಕೊಡುವಂತಾದರೆ ಕೇಳುವವರು ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ. ಹುಡುಕುವ ಸೌಲಭ್ಯವನ್ನು ಕೊಹೆನ್ ತಮ್ಮ ವಿನ್ಯಾಸದಿಂದ ಹೊರಗೇ ಇಟ್ಟರು. ಇಂದು ನಾವು ಟೊರೆಂಟ್ ಸೈಟು ಎಂದು ಕರೆಯುವುದೆಲ್ಲ ಆ ಖಾಲಿ ಜಾಗದಲ್ಲಿ ಇತರರು ಕಟ್ಟಿಕೊಂಡದ್ದು.

ಕೆಲಸ ನಡೆಯುವ ಬಗೆ ಹೀಗಿದೆ. ಫೈಲನ್ನು ಸಮಾನ ಗಾತ್ರದ ತುಣುಕುಗಳನ್ನಾಗಿ, ಸಾಮಾನ್ಯವಾಗಿ 256 ಕೆಬಿಯಿಂದ ಕೆಲವು ಎಂಬಿವರೆಗಿನ ತುಣುಕುಗಳನ್ನಾಗಿ, ವಿಭಾಗಿಸಲಾಗುತ್ತದೆ. ಪ್ರತಿ ತುಣುಕಿನಿಂದಲೂ ಎಸ್‌ಎಚ್‌ಎ-1 ಎಂಬ ಗಣಿತದ ವಿಧಾನದಿಂದ 20 ಬೈಟುಗಳ ಒಂದು ಹ್ಯಾಶ್, ಅಂದರೆ ಬೆರಳಚ್ಚಿನಂತಹ ಗುರುತು, ತೆಗೆಯಲಾಗುತ್ತದೆ. ತುಣುಕಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಈ ಎಲ್ಲ ಹ್ಯಾಶ್‌ಗಳು, ಫೈಲುಗಳ ಹೆಸರು, ಗಾತ್ರ ಇವನ್ನು ಒಂದು ವಿವರಪಟ್ಟಿಯಲ್ಲಿ ಸೇರಿಸಿ, ಆ ಪಟ್ಟಿಗೇ ಮತ್ತೊಮ್ಮೆ ಹ್ಯಾಶ್ ತೆಗೆದಾಗ ಸಿಗುವುದೇ ಇನ್ಫೋಹ್ಯಾಶ್, ಅಂದರೆ ನಾನು ಆಗ ಹೇಳಿದ ನಲವತ್ತು ಅಕ್ಷರಗಳ ಗುರುತು. ಡೌನ್‌ಲೋಡ್ ಮಾಡುವ ನಿಮ್ಮ ಕ್ಲೈಂಟ್ ತಂತ್ರಾಂಶ ತುಣುಕುಗಳನ್ನು ಗುರುತು ಪರಿಚಯವಿಲ್ಲದ ಹತ್ತಾರು ಜನರಿಂದ ತರಿಸಿಕೊಂಡು, ಪ್ರತಿಯೊಂದರ ಹ್ಯಾಶ್ ತಾಳೆ ನೋಡಿ, ತಾಳೆಯಾಗದದ್ದನ್ನು ಎಸೆಯುತ್ತದೆ. ತುಣುಕು ಕೊಟ್ಟವನು ಕಳ್ಳನೋ ಸಾಧುವೋ ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ. ಇನ್ಫೋಹ್ಯಾಶ್ ಸರಿಯಾದದ್ದಾದರೆ ಬರುವ ಫೈಲೂ ಸರಿಯಾದದ್ದೇ. ಎಸ್‌ಎಚ್‌ಎ-1 ವಿಧಾನದಲ್ಲಿ ಎರಡು ಬೇರೆ ಫೈಲುಗಳಿಗೆ ಒಂದೇ ಹ್ಯಾಶ್ ಬರಿಸಬಹುದೆಂದು 2017ರ ಫೆಬ್ರವರಿಯಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದರಿಂದ, ಬಿಟ್‌ಟೊರೆಂಟ್‌ನ ಎರಡನೆಯ ಆವೃತ್ತಿ ಎಸ್‌ಎಚ್‌ಎ-256ನ್ನು ಬಳಸುತ್ತದೆ. ಆದರೆ ನಿಮಗೆ ದಿನನಿತ್ಯ ಎದುರಾಗುವ ಟೊರೆಂಟ್‌ಗಳಲ್ಲಿ ಬಹುಪಾಲು ಇನ್ನೂ ಮೊದಲ ಆವೃತ್ತಿಯವೇ.

ಕೊಡು-ಕೊಳ್ಳುವಿಕೆಯ ನಿಯಮವನ್ನೂ ಇಲ್ಲಿ ಹೇಳಬೇಕು. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಲ್ಲ: ನೀನು ನನ್ನ ಹೊಲಕ್ಕೆ ಬಂದರೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕ್ಲೈಂಟ್ ತನಗೆ ಹೆಚ್ಚು ವೇಗವಾಗಿ ಕೊಡುತ್ತಿರುವ ಕೆಲವರನ್ನು ಆರಿಸಿಕೊಂಡು ಅವರಿಗೆ ಆದ್ಯತೆಯಿಂದ ಕೊಡುತ್ತದೆ, ಈ ಆಯ್ಕೆಯನ್ನು ಸುಮಾರು ಹತ್ತು ಸೆಕೆಂಡಿಗೊಮ್ಮೆ ಪರಿಷ್ಕರಿಸುತ್ತದೆ. ಹೊಸಬನ ಬಳಿ ಕೊಡಲು ಏನೂ ಇರುವುದಿಲ್ಲವಾದ್ದರಿಂದ, ಮೂವತ್ತು ಸೆಕೆಂಡಿಗೊಮ್ಮೆ ಒಬ್ಬ ಅಪರಿಚಿತನಿಗೆ ಲೆಕ್ಕವಿಡದೆ ಕೊಟ್ಟು ನೋಡುತ್ತದೆ. ಜೊತೆಗೆ, ಗುಂಪಿನಲ್ಲಿ ಅತಿ ವಿರಳವಾಗಿರುವ ತುಣುಕನ್ನೇ ಮೊದಲು ತರಿಸಿಕೊಳ್ಳುತ್ತದೆ. ಪೂರ್ಣ ಪ್ರತಿ ಇಟ್ಟುಕೊಂಡು ಕೊಡುವವನು, ಅಂದರೆ ಸೀಡರ್, ಒಬ್ಬನೇ ಇದ್ದು ಅವನು ನಡುವೆ ಎದ್ದುಹೋದರೂ ಫೈಲ್ ಉಳಿಯಲಿ ಎಂಬುದು ಇದರ ಉದ್ದೇಶ.

ಯಾವ ಫೈಲು ಯಾರಲ್ಲಿದೆ ಎಂದು ಹೇಳುವವರು ಯಾರು? ಆರಂಭದಲ್ಲಿ ಟ್ರ್ಯಾಕರ್ ಎಂಬ ಸರ್ವರ್ ಈ ಕೆಲಸ ಮಾಡುತ್ತಿತ್ತು. 2005ರಲ್ಲಿ ಡಿಎಚ್‌ಟಿ, ಅಂದರೆ ಕೇಂದ್ರ ಸರ್ವರಿಲ್ಲದೆ ಈ ಮಾಹಿತಿಯನ್ನು ಬಳಕೆದಾರರ ಕಂಪ್ಯೂಟರುಗಳೇ ಹಂಚಿಕೊಂಡು ಇಟ್ಟುಕೊಳ್ಳುವ ವ್ಯವಸ್ಥೆ, ಬಂದಿತು. 2002ರಲ್ಲಿ ಮೇಮೌನ್ಕೊವ್ ಮತ್ತು ಮಾಜಿಯೇರ್ ಎಂಬ ಇಬ್ಬರು ಪ್ರಕಟಿಸಿದ್ದ ಕಡೆಮ್ಲಿಯಾ ಎಂಬ ವಿನ್ಯಾಸವೇ ಇದಕ್ಕೆ ಆಧಾರ. ಇದರಲ್ಲಿ ಪ್ರತಿ ಕ್ಲೈಂಟಿಗೂ 160 ಬಿಟ್‌ಗಳ ಒಂದು ಸಂಖ್ಯೆ ಇರುತ್ತದೆ. ಇನ್ಫೋಹ್ಯಾಶ್ ಕೂಡ 160 ಬಿಟ್‌ಗಳದ್ದೇ ಆದ್ದರಿಂದ, ಯಾವ ಕ್ಲೈಂಟಿನ ಸಂಖ್ಯೆ ಒಂದು ಹ್ಯಾಶ್‌ಗೆ ಹತ್ತಿರವೋ ಆ ಕ್ಲೈಂಟೇ ಆ ಹ್ಯಾಶ್‌ನ ವಿಳಾಸಪುಸ್ತಕವನ್ನು ನೋಡಿಕೊಳ್ಳುತ್ತದೆ. ಹೀಗೆ ಲಕ್ಷಾಂತರ ಸಾಧಾರಣ ಕಂಪ್ಯೂಟರುಗಳು ಸೇರಿ ಟ್ರ್ಯಾಕರಿನ ಕೆಲಸ ನಿರ್ವಹಿಸುತ್ತವೆ. ಅದರ ನಂತರ ವಿವರಪಟ್ಟಿಯನ್ನೂ ಪೀರ್‌ಗಳಿಂದಲೇ, ಅಂದರೆ ಗುಂಪಿನ ಇತರ ಕಂಪ್ಯೂಟರುಗಳಿಂದಲೇ, ತರಿಸಿಕೊಳ್ಳುವ ವ್ಯವಸ್ಥೆ ಬಂದಾಗ ಆ ಪಟ್ಟಿಯನ್ನು ಹೊತ್ತ ಟೊರೆಂಟ್ ಫೈಲಿನ ಅಗತ್ಯವೂ ಹೋಯಿತು. ಮ್ಯಾಗ್ನೆಟ್ ಲಿಂಕ್ ಎಂಬ ಒಂದು ಸಾಲು ಸಾಕಾಯಿತು, ಆ ಸಾಲಿನ ತಿರುಳು ಅದೇ ಇನ್ಫೋಹ್ಯಾಶ್.

ಹುಡುಕುವ ಸೈಟು ಎಷ್ಟು ಹಗುರ ವಸ್ತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2003ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ, ಮುಂದೆ ಸ್ಥಾಪಕರು ಜೈಲು ಶಿಕ್ಷೆಗೆ ಒಳಗಾದ ಪೈರೇಟ್ ಬೇ ಎಂಬ ಟೊರೆಂಟ್ ಸೈಟು 2012ರ ಫೆಬ್ರವರಿಯಲ್ಲಿ ಟೊರೆಂಟ್ ಫೈಲುಗಳನ್ನು ಕೈಬಿಟ್ಟು ಮ್ಯಾಗ್ನೆಟ್ ಲಿಂಕುಗಳಿಗೆ ಹೊರಳಿತು. ಆ ಸಮಯದಲ್ಲಿ ಬಳಕೆದಾರರೊಬ್ಬರು ಅದರ ಸುಮಾರು 16 ಲಕ್ಷ ಟೊರೆಂಟ್‌ಗಳ ಮ್ಯಾಗ್ನೆಟ್ ಪಟ್ಟಿಯನ್ನು ಒಟ್ಟುಗೂಡಿಸಿದರೆ ಅದು ಸಂಕುಚಿತ ರೂಪದಲ್ಲಿ 90 ಎಂಬಿಯಷ್ಟು ಮಾತ್ರ ಆಯಿತು. ಜಗತ್ತಿನಾದ್ಯಂತ ಸರ್ಕಾರಗಳು ಬೆನ್ನತ್ತಿದ್ದ ಇಡೀ ಭಂಡಾರ ಒಂದು ಹಳೆಯ ಪೆನ್‌ಡ್ರೈವಿನಲ್ಲಿ ಹಿಡಿಯುತ್ತಿತ್ತು.

ಹೀಗಿರುವುದರಿಂದಲೇ ಈ ಸೈಟುಗಳ ಚರಿತ್ರೆ ಮುಚ್ಚುವಿಕೆ ಮತ್ತು ಮರುಹುಟ್ಟುಗಳ ಚರಿತ್ರೆಯಾಗಿದೆ. ಸುಪ್ರನೋವಾ 2004ರ ಡಿಸೆಂಬರಿನಲ್ಲಿ ನಿಂತಿತು. ಮಿನಿನೋವಾ 2009ರಲ್ಲಿ ನ್ಯಾಯಾಲಯದ ತೀರ್ಪಿಗೆ ತಲೆಬಾಗಿ ಹಕ್ಕುಸ್ವಾಮ್ಯವಿರುವ ಟೊರೆಂಟ್‌ಗಳನ್ನೆಲ್ಲ ತೆಗೆದುಹಾಕಿತು. ಐಸೋಹಂಟ್ 2013ರಲ್ಲಿ 11 ಕೋಟಿ ಡಾಲರ್ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿ ಬಾಗಿಲು ಹಾಕಿತು. ಕಿಕ್ಯಾಸ್ ಟೊರೆಂಟ್ಸ್ 2016ರ ಜುಲೈನಲ್ಲಿ ಅದರ ಆರೋಪಿತ ಮಾಲೀಕನ ಬಂಧನದೊಂದಿಗೆ ಅಳಿಯಿತು. ಮುಂದಿನ ತಿಂಗಳೇ ಟೊರೆಂಟ್ಝ್, 2017ರಲ್ಲಿ ಎಕ್ಸ್‌ಟ್ರಾಟೊರೆಂಟ್, 2023ರ ಮೇ 31ರಂದು ರಾರ್‌ಬಿಜಿ ನಿಂತವು. ಇವುಗಳಲ್ಲಿ ಹಲವು ಹೆಸರುಗಳು ಇಂದಿಗೂ ಗೂಗಲ್‌ನಲ್ಲಿ ಹುಡುಕಿದರೆ ಸಿಗುತ್ತವೆ. ಹಳೆಯ ಲಾಂಛನ, ಹಳೆಯ ಬಣ್ಣ ಎಲ್ಲವೂ ಇರುತ್ತದೆ. ನಡೆಸುವವರು ಮಾತ್ರ ಯಾರೋ ಬೇರೆ. ಹೆಸರನ್ನು ನಂಬಿ ಹೋದವರಿಗೆ ಅಲ್ಲಿ ಎದುರಾಗುವುದು ನಕಲಿ ಡೌನ್‌ಲೋಡ್ ಗುಂಡಿಗಳು, "ನಿಮ್ಮ ಫೋನಿಗೆ ವೈರಸ್ ತಗುಲಿದೆ" ಎಂಬ ಪುಟಗಳು, ನೋಟಿಫಿಕೇಶನ್ ಅನುಮತಿ ಕೇಳುವ ಪೆಟ್ಟಿಗೆಗಳು. ನನ್ನ ಅಭಿಪ್ರಾಯದಲ್ಲಿ, ಮುಚ್ಚಿಹೋದ ಸೈಟಿನ ಹೆಸರಿನಲ್ಲಿ ನಡೆಯುವ ನಕಲು ಪುಟ ಈ ಲೋಕದ ಅತಿ ಕೆಟ್ಟ ಸ್ಥಳ.

ಇನ್ನು ಹುಡುಕುವ ಸಾಧನಗಳ ವಿಷಯ. ಸೈಟುಗಳಲ್ಲಿ ತಾವೇ ಪಟ್ಟಿ ಇಟ್ಟುಕೊಂಡವು ಕೆಲವು, ಬೇರೆಯವರ ಪಟ್ಟಿಗಳನ್ನು ಒಟ್ಟಿಗೆ ಜಾಲಾಡಿ ಫಲಿತಾಂಶ ತೋರಿಸುವವು ಕೆಲವು. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕ್ಯೂಬಿಟ್‌ಟೊರೆಂಟ್ ಎಂಬ ಮುಕ್ತ ತಂತ್ರಾಂಶದ ಕ್ಲೈಂಟಿನಲ್ಲಿಯೇ ಹುಡುಕುವ ಕಿಟಕಿಯೊಂದಿದೆ. ಬ್ರೌಸರ್ ತೆರೆಯದೆ, ಜಾಹೀರಾತುಗಳ ಕಾಟವಿಲ್ಲದೆ ಹುಡುಕಬಹುದು ಎಂಬುದು ಅದರ ದೊಡ್ಡ ಅನುಕೂಲ. ಆದರೆ ಪ್ರತಿ ಸೈಟಿಗೂ ಒಂದೊಂದು ಪ್ಲಗಿನ್ ಬೇಕು, ಮತ್ತು ಈ ಪ್ಲಗಿನ್‌ಗಳು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು. ಅವು ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮದೇ ಅಧಿಕಾರದೊಂದಿಗೆ ಓಡುತ್ತವೆ. ಎಲ್ಲಿಯೋ ಸಿಕ್ಕ ಪ್ಲಗಿನ್ ಹಾಕಿಕೊಳ್ಳುವುದು ಎಲ್ಲಿಯೋ ಸಿಕ್ಕ ತಂತ್ರಾಂಶ ಹಾಕಿಕೊಳ್ಳುವುದಕ್ಕಿಂತ ಬೇರೆಯಲ್ಲ. ಆದ್ದರಿಂದ ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಳು ಅಂತಹ ಒಂದು ಪ್ಲಗಿನ್ ಫೈಲನ್ನು ತೆರೆದು ಓದಬೇಕೆಂದು ನಾನು ಒತ್ತಾಯಿಸುತ್ತೇನೆ. ಅದು ಉದ್ದವಿರುವುದಿಲ್ಲ, ಒಂದು ಸೈಟಿಗೆ ಪ್ರಶ್ನೆ ಕಳುಹಿಸಿ ಬಂದ ಪುಟದಿಂದ ಹೆಸರು, ಗಾತ್ರ, ಲಿಂಕುಗಳನ್ನು ಹೆಕ್ಕಿ ತೆಗೆಯುವುದು ಹೇಗೆಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜಾಕೆಟ್, ಪ್ರೌಲರ್ ಎಂಬ ಸಾಧನಗಳು ಇದೇ ಕೆಲಸವನ್ನು ಇನ್ನಷ್ಟು ವ್ಯವಸ್ಥಿತವಾಗಿ, ಒಂದು ಪ್ರಶ್ನೆಯನ್ನು ಹತ್ತಾರು ಸೈಟುಗಳ ಭಾಷೆಗೆ ತಿರುಗಿಸುವ ಮೂಲಕ ಮಾಡುತ್ತವೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸೈಟಿನ ಹಂಗೇ ಇಲ್ಲದ ವಿಧಾನ. ಡಿಎಚ್‌ಟಿ ಜಾಲದಲ್ಲಿ ಭಾಗವಹಿಸುವ ಯಾವುದೇ ಕಂಪ್ಯೂಟರಿಗೂ ಇತರರು ವಿಚಾರಿಸುತ್ತಿರುವ ಹ್ಯಾಶ್‌ಗಳು ಕಿವಿಗೆ ಬೀಳುತ್ತಲೇ ಇರುತ್ತವೆ. ನೆರೆಯ ಕಂಪ್ಯೂಟರುಗಳ ಬಳಿಯಿರುವ ಹ್ಯಾಶ್‌ಗಳ ಮಾದರಿಯನ್ನು ಕೇಳಿ ಪಡೆಯುವ ಕ್ರಮವೂ ಇದೆ. ಹಾಗೆ ಸಿಕ್ಕ ಪ್ರತಿ ಹ್ಯಾಶ್‌ಗೂ ಅದನ್ನು ಹೊಂದಿರುವ ಪೀರ್‌ಗಳನ್ನು ಹುಡುಕಿ, ಅವರಿಂದ ವಿವರಪಟ್ಟಿಯನ್ನಷ್ಟೇ ತರಿಸಿಕೊಂಡು, ಅದರಲ್ಲಿರುವ ಹೆಸರುಗಳನ್ನು ದಾಖಲಿಸುತ್ತ ಹೋದರೆ ಕೆಲವೇ ದಿನಗಳಲ್ಲಿ ನಿಮ್ಮದೇ ಒಂದು ಹುಡುಕುವ ಯಂತ್ರ ಸಿದ್ಧವಾಗುತ್ತದೆ. ಬಿಟ್‌ಮ್ಯಾಗ್ನೆಟ್ ಎಂಬ ಮುಕ್ತ ತಂತ್ರಾಂಶ ಇದನ್ನೇ ಮಾಡುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟ್ರಿಬ್ಲರ್ ಎಂಬ ಕ್ಲೈಂಟು ಹುಡುಕಾಟವನ್ನೇ ಬಳಕೆದಾರರ ನಡುವೆ ಹಂಚಿಬಿಟ್ಟಿದೆ. ಕಂಪ್ಯೂಟರ್ ಸೈನ್ಸ್ ವಿಭಾಗದವರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ವಿಷಯ ಸಿಗುವುದು ಕಷ್ಟ: ವಿತರಿತ ವ್ಯವಸ್ಥೆ, ಹ್ಯಾಶ್, ದತ್ತಸಂಚಯ, ಪಠ್ಯ ಹುಡುಕಾಟ ನಾಲ್ಕೂ ಒಂದೇ ಕಡೆ ಇವೆ. ಆದರೆ ಒಂದು ಎಚ್ಚರಿಕೆ. ಇಲ್ಲಿ ಯಾವ ಸಂಪಾದಕನೂ ಇಲ್ಲ. ವಿವರಪಟ್ಟಿ ರಚಿಸಿದವನು ಯಾವ ಹೆಸರು ಬರೆದನೋ ಅದೇ ನಿಮ್ಮ ಪಟ್ಟಿಗೆ ಬರುತ್ತದೆ. ಆಕ್ಷೇಪಾರ್ಹವಾದದ್ದು, ಕಾನೂನುಬಾಹಿರವಾದದ್ದು, ಶುದ್ಧ ಸುಳ್ಳಾದದ್ದು ಎಲ್ಲವೂ ಬರುತ್ತದೆ.

ಫಲಿತಾಂಶದ ಸಾಲನ್ನು ಓದುವುದು ಒಂದು ಕಲೆ. ಹೆಸರಿಗೆ ನಾನು ಕೊಡುವ ಬೆಲೆ ಅತಿ ಕಡಿಮೆ. ಸೀಡರುಗಳ ಸಂಖ್ಯೆಯನ್ನು ಸೈಟುಗಳು ಟ್ರ್ಯಾಕರನ್ನು ಕೇಳಿ ತುಂಬಿಸುತ್ತವೆ. ಅದು ವಾರಗಳಷ್ಟು ಹಳೆಯದಿರಬಹುದು, ಟ್ರ್ಯಾಕರೇ ಸುಳ್ಳು ಹೇಳುತ್ತಿರಬಹುದು. ನೆನ್ನೆ ಮೊನ್ನೆ ಹುಟ್ಟಿದ ಟೊರೆಂಟಿಗೆ ಸಾವಿರಾರು ಸೀಡರುಗಳಿದ್ದು ಒಂದು ಟಿಪ್ಪಣಿಯೂ ಇಲ್ಲದಿದ್ದರೆ ಅನುಮಾನ ಪಡಬೇಕು. ನಂಬಬಹುದಾದದ್ದು ಫೈಲುಗಳ ಪಟ್ಟಿ, ಏಕೆಂದರೆ ಅದು ಇನ್ಫೋಹ್ಯಾಶ್‌ನೊಳಗೇ ಬಂಧಿತವಾಗಿದೆ. ಕ್ಲೈಂಟಿಗೆ ಮ್ಯಾಗ್ನೆಟ್ ಲಿಂಕ್ ಕೊಟ್ಟಾಗ ಡೌನ್‌ಲೋಡ್ ಆರಂಭಿಸುವ ಮುನ್ನ ಈ ಪಟ್ಟಿಯನ್ನು ತೋರಿಸುವಂತೆ ಹೊಂದಿಸಿಕೊಳ್ಳಿ. ಪುಸ್ತಕವೆಂದು ಹೇಳಿದ ಟೊರೆಂಟಿನಲ್ಲಿ ಇಎಕ್ಸ್‌ಇ, ಎಸ್‌ಸಿಆರ್, ಎಲ್‌ಎನ್‌ಕೆ ಎಂದು ಕೊನೆಗೊಳ್ಳುವ, ಅಂದರೆ ತೆರೆದೊಡನೆ ಪ್ರೋಗ್ರಾಮು ಓಡಿಸಬಲ್ಲ, ಫೈಲ್ ಕಂಡರೆ ಅಲ್ಲಿಗೆ ನಿಲ್ಲಿಸಿ. ವಿಂಡೋಸ್ ಫೈಲಿನ ಹೆಸರಿನ ಕೊನೆಯ ಪರಿಚಿತ ಬಾಲಗಳನ್ನು ತಾನಾಗಿಯೇ ಮರೆಮಾಡುವುದರಿಂದ, ಪಿಡಿಎಫ್ ಎಂಬ ಬಾಲದ ಹಿಂದೆ ಇಎಕ್ಸ್‌ಇ ಎಂಬ ಎರಡನೆಯ ಬಾಲ ಅಡಗಿರಬಹುದು. ಆ ಮರೆಮಾಡುವ ಆಯ್ಕೆಯನ್ನು ಮೊದಲು ತೆಗೆದುಹಾಕಿ. ಪಾಸ್‌ವರ್ಡ್ ಹಾಕಿದ ಆರ್‌ಎಆರ್ ಕಡತ, ಅದರ ಜೊತೆಗೆ "ಪಾಸ್‌ವರ್ಡಿಗಾಗಿ ಈ ಪುಟಕ್ಕೆ ಭೇಟಿ ಕೊಡಿ" ಎಂಬ ಪಠ್ಯ ಇದ್ದರೆ ಅದು ಬಲೆಯೇ ಸರಿ. ಇನ್ನೊಂದು ಅಂಕಿ ಕ್ಲೈಂಟಿನೊಳಗೆ ಮಾತ್ರ ಕಾಣುವಂಥದ್ದು: ಲಭ್ಯತೆ. ಅದು ಒಂದಕ್ಕಿಂತ ಕಡಿಮೆ, ಉದಾಹರಣೆಗೆ 0.87, ಎಂದಿದ್ದರೆ ಈಗ ಸೇರಿರುವ ಎಲ್ಲರ ಬಳಿಯಿರುವುದನ್ನು ಕೂಡಿಸಿದರೂ ಫೈಲ್ ಪೂರ್ಣವಾಗುವುದಿಲ್ಲ. ಎಷ್ಟೋ ಜನರ ಡೌನ್‌ಲೋಡು ಮುಕ್ಕಾಲಿನಲ್ಲಿ ದಿನಗಟ್ಟಲೆ ನಿಂತಿರುವುದಕ್ಕೆ ಇಂಟರ್ನೆಟ್ ಕಾರಣವಲ್ಲ, ಈ ಅಂಕಿಯೇ ಕಾರಣ.

ನಂಬಿಕೆಯ ಪ್ರಶ್ನೆಗೆ 2016ರ ಎರಡು ಘಟನೆಗಳು ಉತ್ತರ ಕೊಡುತ್ತವೆ. ಆ ವರ್ಷದ ಫೆಬ್ರವರಿ 20ರಂದು ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಅಲ್ಲಿದ್ದ ಡೌನ್‌ಲೋಡ್ ಲಿಂಕನ್ನು ಬದಲಿಸಿ, ಕದ್ದು ಒಳನುಗ್ಗಲು ಹಿಂಬಾಗಿಲು ಇರಿಸಿದ ನಕಲಿ ಸ್ಥಾಪನಾ ಕಡತ (ಐಎಸ್‌ಒ) ಸಿಗುವಂತೆ ಮಾಡಿದರು. ಟೊರೆಂಟ್ ಮೂಲಕ ತರಿಸಿಕೊಂಡವರಿಗೆ ತೊಂದರೆಯಿಲ್ಲ ಎಂದು ತಂಡ ಪ್ರಕಟಿಸಿತು, ಏಕೆಂದರೆ ಅವರ ಹ್ಯಾಶ್ ಮೊದಲೇ ನಿಗದಿಯಾಗಿತ್ತು. ಮರುತಿಂಗಳು ಟ್ರಾನ್ಸ್‌ಮಿಶನ್ ಎಂಬ ಒಳ್ಳೆಯ ಹೆಸರಿನ ಟೊರೆಂಟ್ ಕ್ಲೈಂಟಿನ ಅಧಿಕೃತ ತಾಣದಲ್ಲಿಯೇ, ಅದರ 2.90 ಆವೃತ್ತಿಯ ಮ್ಯಾಕ್ ಸ್ಥಾಪಕದೊಳಗೆ ಕೀರೇಂಜರ್ ಎಂಬ ಸುಲಿಗೆ ತಂತ್ರಾಂಶ ಸೇರಿಸಲಾಗಿತ್ತು. ಅಂದರೆ ಮೂಲ ತಾಣ ಎಂದ ಮಾತ್ರಕ್ಕೆ ನೆಮ್ಮದಿಯಿಲ್ಲ; ಮೂಲ ತಾಣ, ಅದು ಪ್ರಕಟಿಸುವ ಹ್ಯಾಶ್, ಸಾಧ್ಯವಾದರೆ ಅದರ ಡಿಜಿಟಲ್ ಸಹಿ ಇವನ್ನು ಒಂದಕ್ಕೊಂದು ತಾಳೆ ನೋಡಬೇಕು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ತಂಡ ಪ್ರತಿ ಬಿಡುಗಡೆಯೊಂದಿಗೂ ಸಹಿ ಮಾಡಿದ ಹ್ಯಾಶ್ ಪಟ್ಟಿಯನ್ನು ಕೊಡುತ್ತದೆ, ತಾಳೆ ನೋಡಲು ಐದು ನಿಮಿಷ ಸಾಕು. ಕ್ಲೈಂಟನ್ನು ಆರಿಸುವಾಗಲೂ ಇದೇ ಎಚ್ಚರ ಬೇಕು. ಒಂದು ಕಾಲದಲ್ಲಿ ಎಲ್ಲರ ಕಂಪ್ಯೂಟರಿನಲ್ಲಿಯೂ ಇದ್ದ ಮ್ಯೂಟೊರೆಂಟ್ 2015ರಲ್ಲಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುವ ತಂತ್ರಾಂಶವನ್ನು ಜೊತೆಯಲ್ಲಿ ಕೊಟ್ಟು ಟೀಕೆಗೆ ಗುರಿಯಾಯಿತು. ಮೂಲಸಂಕೇತ ಎಲ್ಲರಿಗೂ ತೆರೆದಿರುವ ಕ್ಯೂಬಿಟ್‌ಟೊರೆಂಟ್, ಟ್ರಾನ್ಸ್‌ಮಿಶನ್, ಡೆಲ್ಯೂಜ್ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಹಾಗಾದರೆ ಕಾನೂನಿಗೆ ಒಳಪಟ್ಟು ಹುಡುಕುವವನಿಗೆ ಟೊರೆಂಟಿನಲ್ಲಿ ಏನು ಸಿಗುತ್ತದೆ? ಬೇಕಾದಷ್ಟು ಸಿಗುತ್ತದೆ. ಉಬುಂಟು, ಡೆಬಿಯನ್ ಮೊದಲಾದ ಲಿನಕ್ಸ್ ವ್ಯವಸ್ಥೆಗಳು ತಮ್ಮ ತಾಣದಲ್ಲಿಯೇ ಟೊರೆಂಟ್ ಕೊಡುತ್ತವೆ, ಲಿಬ್ರೆಆಫೀಸ್ ಕೂಡ. ಅಕಡೆಮಿಕ್ ಟೊರೆಂಟ್ಸ್ ಎಂಬ ತಾಣದಲ್ಲಿ ಸಂಶೋಧನೆಯ ದತ್ತಾಂಶಗಳಿವೆ, ಮಷಿನ್ ಲರ್ನಿಂಗ್ ಕಲಿಯುವವರು ಒಮ್ಮೆ ನೋಡಲೇಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಇಡೀ ಭೂಪಟದ ದತ್ತಾಂಶ ಟೊರೆಂಟ್ ರೂಪದಲ್ಲಿ ಪ್ರಕಟವಾಗುತ್ತದೆ. ಕಿವಿಕ್ಸ್ ಯೋಜನೆ ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆ ಓದಬಹುದಾದ ಕಡತವನ್ನಾಗಿ ಕೊಡುತ್ತದೆ; ಚಿತ್ರಸಮೇತ ಇಂಗ್ಲಿಷ್ ಆವೃತ್ತಿ ಹತ್ತಿರ ಹತ್ತಿರ 100 ಜಿಬಿ ಅಥವಾ ಅದಕ್ಕೂ ಹೆಚ್ಚು ಆಗುತ್ತದೆ, ಕನ್ನಡದ್ದು ಅದರ ಮುಂದೆ ಬಹಳ ಚಿಕ್ಕದು. ಜಗಳೂರು ಅಥವಾ ಮೊಳಕಾಲ್ಮೂರಿನ ಕಡೆಯ ಶಾಲೆಯೊಂದರ ಹಳೆಯ ಕಂಪ್ಯೂಟರಿಗೆ ಇದನ್ನು ಹಾಕಿಕೊಟ್ಟರೆ ನೆಟ್‌ವರ್ಕಿನ ಚಿಂತೆಯಿಲ್ಲದೆ ಮಕ್ಕಳು ಓದಬಹುದು.

ಕನ್ನಡ ಓದುಗರಿಗೆ ದೊಡ್ಡ ನಿಧಿ ಇಂಟರ್ನೆಟ್ ಆರ್ಕೈವ್. 2012ರ ಆಗಸ್ಟಿನಲ್ಲಿ ಅದು ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳನ್ನು ಟೊರೆಂಟ್ ಮೂಲಕ ಕೊಡಲು ಆರಂಭಿಸಿತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳೂ, ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹದ ಪುಸ್ತಕಗಳೂ ಅಲ್ಲಿವೆ. ಅಲ್ಲಿನ ಟೊರೆಂಟುಗಳ ವಿಶೇಷವೆಂದರೆ ಆರ್ಕೈವಿನ ಸರ್ವರೇ ಸೀಡಿನಂತೆ ವರ್ತಿಸುವುದರಿಂದ, ಬೇರೆ ಒಬ್ಬ ಸೀಡರೂ ಇಲ್ಲದಿದ್ದರೂ ಫೈಲ್ ಇಳಿಯುತ್ತದೆ. ದೊಡ್ಡ ಸಂಪುಟ ಇಳಿಸುವಾಗ ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕಷ್ಟವಿರುವುದು ಹುಡುಕುವುದರಲ್ಲಿ. ಈ ಪುಸ್ತಕಗಳ ಶೀರ್ಷಿಕೆಗಳನ್ನು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿ, ದಾಖಲಿಸಿದವರಿಗೆ ತೋಚಿದ ಕಾಗುಣಿತದಲ್ಲಿ ಬರೆಯಲಾಗಿದೆ. ದೀರ್ಘಸ್ವರ, ಒತ್ತಕ್ಷರ, ಮಹಾಪ್ರಾಣ ಯಾವುದಕ್ಕೂ ನಿಯಮವಿಲ್ಲ. ಲೇಖಕರ ಹೆಸರು ಶೀರ್ಷಿಕೆಯ ಜಾಗಕ್ಕೆ ಹೋಗಿರುವುದೂ ಉಂಟು. "ಚರಿತ್ರೆ" ಎಂಬ ಒಂದೇ ಶಬ್ದವನ್ನು ನಾಲ್ಕೈದು ಬಗೆಯ ರೋಮನ್ ಅಕ್ಷರಗಳಲ್ಲಿ ಹಾಕಿ ನೋಡಬೇಕಾಗುತ್ತದೆ. ನಾನು ಅನುಸರಿಸುವ ಕ್ರಮವೆಂದರೆ ಶೀರ್ಷಿಕೆಯ ಅತಿ ಅಪರೂಪದ ಒಂದು ಪದದ ಮೊದಲ ನಾಲ್ಕು ಅಕ್ಷರ ಮತ್ತು ನಕ್ಷತ್ರ ಚಿಹ್ನೆ ಹಾಕಿ, ಭಾಷೆಯನ್ನು ಕನ್ನಡ ಎಂದು ಸೀಮಿತಗೊಳಿಸುವುದು. ಸಿಗದಿದ್ದರೆ ಅದೇ ಪದವನ್ನು ಕನ್ನಡ ಲಿಪಿಯಲ್ಲಿ ಹಾಕುವುದು. ಗ್ರಂಥಪಾಲಕ ಮಿತ್ರರು ಈ ಗೊಂದಲವನ್ನು ನೋಡಿ ನಗಬಹುದು, ಆದರೆ ಇದನ್ನು ಸರಿಪಡಿಸಬಲ್ಲವರೂ ಅವರೇ.

ಸಿಕ್ಕಿದ್ದೆಲ್ಲ ಮುಕ್ತವೇ? ಅಲ್ಲ. ಲೆಕ್ಕ ಹಾಕುವುದು ಕಷ್ಟವಿಲ್ಲ, ನಮ್ಮ ಸೀಮೆಯ ಉದಾಹರಣೆಗಳನ್ನೇ ತೆಗೆದುಕೊಳ್ಳೋಣ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಲೇಖಕರ ಜೀವಿತಕಾಲ ಮತ್ತು ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರ ಬರಹಗಳು ಈಗ ಎಲ್ಲರ ಸ್ವತ್ತು. ಅದೇ ಮನೆತನದ ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಆದ್ದರಿಂದ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳ ಹಕ್ಕು 2044ರ ಕೊನೆಯವರೆಗೆ ಇರುತ್ತದೆ. ಸಿನಿಮಾದ ಲೆಕ್ಕ ಬೇರೆ: ಪ್ರಕಟವಾದ ಮರುವರ್ಷದಿಂದ 60 ವರ್ಷ. ದುರ್ಗದ ಕೋಟೆಯಲ್ಲಿ ಚಿತ್ರಿತವಾದ, ಅವರ ಕಾದಂಬರಿಗಳನ್ನೇ ಆಧರಿಸಿದ 'ನಾಗರಹಾವು' 1972ರಲ್ಲಿ ತೆರೆಕಂಡಿತಾದ್ದರಿಂದ ಅದರ ಹಕ್ಕು 2032ರ ಕೊನೆಗೆ ಮುಗಿಯಬೇಕು. ಅಂದರೆ ಸಿನಿಮಾ ಮುಕ್ತವಾದ ಮೇಲೂ ಹನ್ನೆರಡು ವರ್ಷ ಕಾದಂಬರಿ ಮುಕ್ತವಾಗಿರುವುದಿಲ್ಲ. ಯಾವುದೋ ಸೈಟಿನಲ್ಲಿ ಇವೆರಡೂ ಒಂದೇ ಟೊರೆಂಟಿನಲ್ಲಿ ಸಿಗುತ್ತವೆ ಎಂಬುದರಿಂದ ಈ ಲೆಕ್ಕ ಬದಲಾಗುವುದಿಲ್ಲ.

ಇಲ್ಲಿ ಟೊರೆಂಟಿಗೆ ವಿಶಿಷ್ಟವಾದ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. "ನಾನು ನೋಡೋದಕ್ಕೆ ಇಳಿಸಿಕೊಂಡೆ, ಯಾರಿಗೂ ಕೊಟ್ಟಿಲ್ಲ" ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಮುಯ್ಯಾಳಿನ ನಿಯಮದಂತೆ ನೀವು ಇಳಿಸಿಕೊಳ್ಳುತ್ತಿರುವಾಗಲೇ ಇತರರಿಗೆ ಕೊಡುತ್ತಿರುತ್ತೀರಿ, ಮತ್ತು ಗುಂಪಿನಲ್ಲಿರುವ ಯಾರಿಗೆ ಬೇಕಾದರೂ ನಿಮ್ಮ ಐಪಿ ವಿಳಾಸ ಕಾಣುತ್ತದೆ. ಕಾಯ್ದೆಯ 63ನೆಯ ಸೆಕ್ಷನ್ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಗೂಂಡಾ ಕಾಯ್ದೆ ಎಂದು ಜನ ಕರೆಯುವ 1985ರ ಕರ್ನಾಟಕದ ಕಾಯ್ದೆಯ ವ್ಯಾಪ್ತಿಗೆ ವಿಡಿಯೋ, ಆಡಿಯೋ ಪೈರಸಿಯೂ ಸೇರಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ವಿಪಿಎನ್ ಹಾಕಿಕೊಂಡರೆ ವಿಳಾಸ ಮರೆಯಾಗಬಹುದು, ಕೃತ್ಯ ಸಕ್ರಮವಾಗುವುದಿಲ್ಲ. ನಿರ್ಬಂಧದ ಆದೇಶಗಳೂ ಯಾವಾಗಲೂ ಗುರಿ ಮುಟ್ಟುತ್ತವೆ ಎಂದಲ್ಲ. ದೆಹಲಿ ಹೈಕೋರ್ಟು 2019ರ ಏಪ್ರಿಲ್‌ನಲ್ಲಿ, ಮುಚ್ಚಿದ ಸೈಟು ಹೊಸ ವಿಳಾಸದಲ್ಲಿ ಎದ್ದರೆ ಅದನ್ನೂ ಅದೇ ಆದೇಶದಡಿ ಮುಚ್ಚಿಸಬಹುದು ಎಂಬ ಕ್ರಮಕ್ಕೆ ಅವಕಾಶ ಕೊಟ್ಟಿತು. ಅದಕ್ಕೂ ಮೊದಲು, 2017ರ ಆಗಸ್ಟಿನಲ್ಲಿ, ಮದರಾಸು ಹೈಕೋರ್ಟಿನ ಆದೇಶದಂತೆ ಸಾವಿರಾರು ಸೈಟುಗಳನ್ನು ತಡೆದಾಗ ನಾನು ಆಗಲೇ ಹೊಗಳಿದ ಇಂಟರ್ನೆಟ್ ಆರ್ಕೈವ್ ಸಹ ಆ ಪಟ್ಟಿಯಲ್ಲಿ ಸಿಲುಕಿ ಭಾರತದಲ್ಲಿ ತೆರೆಯದಾಯಿತು. ಸೈಟು ತೆರೆಯುತ್ತದೆ ಎಂಬುದು ಅದು ಸಕ್ರಮ ಎಂಬುದಕ್ಕೆ ಸಾಕ್ಷಿಯಲ್ಲ, ತೆರೆಯುವುದಿಲ್ಲ ಎಂಬುದು ಅಕ್ರಮ ಎಂಬುದಕ್ಕೂ ಸಾಕ್ಷಿಯಲ್ಲ.

ನಮ್ಮ ಊರುಗಳ ಸಂಪರ್ಕದ ಬಗ್ಗೆ ಎರಡು ಮಾತು. ಮೊಬೈಲ್ ಡೇಟಾದಲ್ಲಿ, ಕೆಲವು ಕೇಬಲ್ ಇಂಟರ್ನೆಟ್‌ನವರಲ್ಲಿಯೂ, ಒಂದೇ ಹೊರಗಿನ ಐಪಿ ವಿಳಾಸವನ್ನು ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ಆಗ ಹೊರಗಿನವರು ನಿಮ್ಮನ್ನು ಸಂಪರ್ಕಿಸಲಾರರು, ನೀವಾಗಿಯೇ ಅವರನ್ನು ಸಂಪರ್ಕಿಸಬೇಕು. ಇಬ್ಬರೂ ಇಂತಹ ಸ್ಥಿತಿಯಲ್ಲಿದ್ದರೆ ಕೊಡು-ಕೊಳ್ಳುವುದು ಬಹಳ ಸಲ ನಡೆಯುವುದೇ ಇಲ್ಲ. ಪ್ರತಿ ಸಾಧನಕ್ಕೂ ತನ್ನದೇ ವಿಳಾಸ ಕೊಡಬಲ್ಲ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿ ಇದ್ದರೆ ಈ ತೊಡಕು ಬಹುಪಾಲು ನಿವಾರಣೆಯಾಗುತ್ತದೆ, ಆದ್ದರಿಂದ ಕ್ಲೈಂಟಿನಲ್ಲಿಯೂ ರೌಟರಿನಲ್ಲಿಯೂ ಅದನ್ನು ಸಕ್ರಿಯಗೊಳಿಸಿ. ದಿನಕ್ಕಿಷ್ಟು ಜಿಬಿ ಎಂಬ ಪ್ಲಾನಿನವರು ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನೆನಪಿಡಬೇಕು.

ಕೊನೆಯದಾಗಿ, ಹುಡುಕುವುದರ ಜೊತೆಗೆ ಹುಡುಕುವವರಿಗೆ ಸಿಗುವಂತೆ ಇಡುವ ಕೆಲಸವನ್ನೂ ಈ ಸಭೆಯಲ್ಲಿರುವವರು ಮಾಡಬಹುದು. ಕಾಲೇಜಿನ ಬಳಿ ತಮ್ಮದೇ ಉಪನ್ಯಾಸಗಳ ವಿಡಿಯೋ ಇರುತ್ತದೆ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳ ಸ್ಕ್ಯಾನ್ ಇರುತ್ತದೆ, ಜನಪದ ಗಾಯಕರ ಒಪ್ಪಿಗೆಯಿಂದ ಮಾಡಿಕೊಂಡ ಧ್ವನಿಮುದ್ರಣ ಇರುತ್ತದೆ. ಒಪ್ಪಿಗೆ ಲಿಖಿತವಾಗಿರಲಿ, ಕ್ರಿಯೇಟಿವ್ ಕಾಮನ್ಸ್‌ನ ಯಾವ ಪರವಾನಗಿ ಎಂಬುದನ್ನು ಒಂದು ಪಠ್ಯ ಫೈಲಿನಲ್ಲಿ ಬರೆದು ಒಳಗೇ ಸೇರಿಸಿ. ಫೋಲ್ಡರಿನ ಹೆಸರಿನಲ್ಲಿ ಕನ್ನಡ ಲಿಪಿ ಮತ್ತು ರೋಮನ್ ಲಿಪಿ ಎರಡೂ ಇರಲಿ; ಟೊರೆಂಟ್ ಯೂನಿಕೋಡನ್ನು ಒಪ್ಪುತ್ತದೆ, ಹುಡುಕುವವನು ಯಾವ ಲಿಪಿಯಲ್ಲಿ ಟೈಪ್ ಮಾಡಿದರೂ ಸಿಗುತ್ತದೆ. ಒಮ್ಮೆ ಟೊರೆಂಟ್ ರಚಿಸಿದ ಮೇಲೆ ಒಳಗಿನ ಒಂದು ಫೈಲಿನ ಹೆಸರು ತಿದ್ದಿದರೂ ಹ್ಯಾಶ್ ಬದಲಾಗಿ ಅದು ಬೇರೆಯೇ ಟೊರೆಂಟ್ ಆಗುವುದರಿಂದ, ಕಾಗುಣಿತವನ್ನೆಲ್ಲ ಮೊದಲೇ ನೋಡಿಕೊಳ್ಳಿ. ರಚಿಸುವಾಗ "ಪ್ರೈವೇಟ್" ಎಂಬ ಗುರುತನ್ನು ಹಾಕಬೇಡಿ, ಹಾಕಿದರೆ ಡಿಎಚ್‌ಟಿಯಲ್ಲಿ ಅದು ಕಾಣುವುದಿಲ್ಲ. ಇನ್ಫೋಹ್ಯಾಶನ್ನು ಕಾಲೇಜಿನ ಅಧಿಕೃತ ಪುಟದಲ್ಲಿಯೇ ಪ್ರಕಟಿಸಿ. ಬೇರೆಲ್ಲಿ ಅದು ಕಂಡರೂ ಓದುಗ ಈ ಪುಟದೊಂದಿಗೆ ತಾಳೆ ನೋಡಬಹುದು. ಆಮೇಲೆ ಗ್ರಂಥಾಲಯದ ಒಂದು ಕಂಪ್ಯೂಟರನ್ನು, ಸ್ಲೀಪ್ ಆಗದಂತೆ ಹೊಂದಿಸಿ, ಅಪ್‌ಲೋಡಿಗೆ ಮಿತಿ ಹಾಕಿ, ಕ್ಲೈಂಟಿನ ಪಟ್ಟಿಯಲ್ಲಿ ಪೂರ್ಣ ಪ್ರತಿಯಿರುವ ಇನ್ನೂ ಇಬ್ಬರು ಮೂವರು ಸೀಡರುಗಳು ಕಾಣಿಸಿಕೊಳ್ಳುವವರೆಗೆ ಚಾಲೂ ಇಡಿ. ಅವರಲ್ಲಿ ಒಬ್ಬರಾದರೂ ಬೇರೆ ಊರಿನವರಾಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ದಾವಣಗೆರೆಯಲ್ಲಿ ಕರೆಂಟ್ ಹೋದಾಗ ಎಲ್ಲ ಪ್ರತಿಗಳೂ ಒಟ್ಟಿಗೇ ಹೋಗುತ್ತವೆ.